ಹಿತ್ತಿಲ ಬಾಗಿಲಿನ ಮಿಂಚು

ನಾನು ಮಿಂಚಿನ ಫೋಟೋ ತೆಗೆದಿದ್ದೇನೆ. ಮೈಸೂರಿನ ಹಾಸ್ಟೆಲಿನಲ್ಲಿ ಹೀಗೆ ಹೇಳಿದಾಗ ನಕ್ಕವರಿದ್ದಾರೆ. ಅವರ ಮೇಲೆ ನನಗೆ ಕೋಪವಿಲ್ಲ. ಗಾಜಿನ ಪ್ಲೇಟು ಊರಿನ ಮನೆಯ ಬೀರುವಿನಲ್ಲಿ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಇಟ್ಟಿದೆ. ಹನಗೋಡಿನ ಹತ್ತಿರದ ನಮ್ಮ ಹಳ್ಳಿಗೆ ಬಂದವರಿಗೆ ಬೆಳಕಿಗೆ ಹಿಡಿದು ತೋರಿಸುತ್ತೇನೆ. ನೋಡಿದ ಮೇಲೆ ಯಾರೂ ನಕ್ಕಿಲ್ಲ.

ಅದು ನಾನು ಇಂಟರ್ಮೀಡಿಯೆಟ್ ಪರೀಕ್ಷೆ ಬರೆದು ರಜಕ್ಕೆ ಊರಿಗೆ ಬಂದ ಬೇಸಿಗೆ. ಹೈಸ್ಕೂಲಿನ ಕಾಲದಿಂದಲೂ ದಿನಚರಿ ಬರೆಯುವುದು ನನ್ನ ಅಭ್ಯಾಸ. ಅದರಲ್ಲಿ ಮಳೆಗೆಂದೇ ಒಂದು ಕಡೆ ಜಾಗ ಬಿಟ್ಟಿರುತ್ತೇನೆ: ಯಾವ ನಕ್ಷತ್ರದ ಮಳೆ, ಗುಡುಗು ಯಾವ ದಿಕ್ಕಿನಿಂದ ಬಂತು, ಮಿಂಚು ಯಾವ ಬಗೆಯದು. ಮೋಡದ ಹಿಂದೆ ಹಾಳೆ ಬಿಚ್ಚಿದಂತೆ ಬೆಳಗಿ ಆರುವ ಮಿಂಚಿಗೆ ಅಡ್ಡಗೆರೆ, ನೆಲಕ್ಕೆ ಇಳಿಯುವ ಕೋಲ್ಮಿಂಚಿಗೆ ಉದ್ದಗೆರೆ. ಅಪ್ಪ ಒಮ್ಮೆ ಆ ಪುಟಗಳನ್ನು ನೋಡಿ, "ಇದೇನ್ ಮಗ, ಎತ್ತಿಗೆ ಬರೆ ಹಾಕ್ದಂಗೆ ಐತೆ" ಎಂದಿದ್ದರು. ಮೈಸೂರಿನಲ್ಲಿ ಬರೆದ ಪುಟಗಳಲ್ಲಿ ಉದ್ದಗೆರೆ ಬೇಕಾದಷ್ಟಿವೆ. ಊರಿನ ಪುಟಗಳಲ್ಲಿ ಆ ವರ್ಷದವರೆಗೆ ಒಂದೂ ಇರಲಿಲ್ಲ. ಅದಕ್ಕೆ ಕಾರಣ ನಮ್ಮ ಅಜ್ಜಿ.

ಯುಗಾದಿ ಕಳೆದ ಮೇಲೆ ಚಿಕ್ಕಪ್ಪ ಮನೆಗೆ ಬಂದರು. ಅವರು ಅಜ್ಜಿಯ ಕಿರಿಯ ಮಗ, ಕೃಷ್ಣರಾಜನಗರದ ಕಡೆ ನಾಲೆ ಕೆಲಸದ ಓವರ್‌ಸೀಯರ್. ಚಿತ್ರದುರ್ಗದ ಸೀಮೆಗೆ ವರ್ಗವಾಗಿದೆ, ಹೋಗುವ ಮೊದಲು ಸಾಮಾನು ಹಗುರ ಮಾಡಿಕೊಳ್ಳಬೇಕು ಎಂದು ಎರಡು ಟ್ರಂಕು, ಒಂದು ಮರದ ಪೆಟ್ಟಿಗೆ ತಂದಿದ್ದರು. ಪೆಟ್ಟಿಗೆಯೊಳಗೆ ಅವರ ಕ್ಯಾಮೆರಾ ಇತ್ತು. ಹಳೆಯದು. ಮೂರು ಕಾಲಿನ ಮೇಲೆ ನಿಲ್ಲಿಸಿ, ಹಿಂದೆ ಗಾಜಿನ ಪ್ಲೇಟು ಸೇರಿಸಿ, ಮುಂದಿನ ಮುಚ್ಚಳವನ್ನು ಕೈಯಲ್ಲಿ ತೆಗೆದು ಕೈಯಲ್ಲೇ ಮುಚ್ಚುವಂಥದ್ದು. ನಾನು ಅದನ್ನು ಮುಟ್ಟಿ ಮುಟ್ಟಿ ನೋಡುವುದನ್ನು ಕಂಡು ಚಿಕ್ಕಪ್ಪ ಜಗಲಿಯ ಮೇಲೆ ಕುಳಿತೇ ಷರತ್ತು ಹಾಕಿದರು.

"ಇಟ್ಕೊಂಡಿರು. ಕೃತ್ತಿಕೆ ಮಳೆ ಮುಗಿಯೋ ಹೊತ್ತಿಗೆ ಬತ್ತೀನಿ. ಅಷ್ಟರೊಳಗೆ ಒಂದು ಕೋಲ್ಮಿಂಚು ಹಿಡಿದಿದ್ರೆ ಈ ಪೆಟ್ಟಿಗೆ ನಿನ್ನದು. ಇಲ್ದಿದ್ರೆ ನನ್ ಜತೆ ದುರ್ಗಕ್ಕೆ ಬತ್ತದೆ."

"ಹಿಡೀತೀನಿ ಚಿಕ್ಕಪ್ಪ."

"ಎಂಗ್ ಹಿಡೀತೀಯೋ? ಈ ಮನೇಲಿ ಗುಡುಗು ಕೆಮ್ಮಿದ್ರೆ ಸಾಕು, ಅವ್ವ ಬೆಕ್ಕು ಬರೋ ಕಿಂಡೀಗೂ ಗೋಣಿ ತುರುಕ್ತಾಳೆ. ನಾನ್ ಈ ಮನೇಲಿ ಹುಟ್ಟಿ ಬೆಳೆದೋನು. ಒಂದು ಮಿಂಚು ನೆಟ್ಟಗೆ ನೋಡಿಲ್ಲ."

"ಕೇಳುಸ್ತದೆ ಕಣ್ಲಾ ನಂಗೆ" ಎಂದು ಅಜ್ಜಿ ಅಡಿಗೆ ಮನೆಯಿಂದ ಕೂಗಿದಳು.

ಚಿಕ್ಕಪ್ಪ ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ದೂರದಲ್ಲಿ ಮೊದಲ ಗುಡುಗು ಕೇಳಿದ ಕೂಡಲೇ ಅಜ್ಜಿ ಕೈಯಲ್ಲಿದ್ದ ಕೆಲಸ ಬಿಟ್ಟು ಏಳುತ್ತಿದ್ದಳು. ಒನಕೆಯನ್ನೂ ಕುಡುಗೋಲನ್ನೂ ಅಂಗಳಕ್ಕೆ ಎಸೆಯುವುದು ಮೊದಲು. ಸಿಡಿಲು ಬಿದ್ದರೆ ಕಬ್ಬಿಣದ ಮೇಲೆ ಬೀಳಲಿ, ಮನೆಯ ಮೇಲೆ ಬೇಡ ಎಂದು. ಆಮೇಲೆ ಗೋಡೆಯ ಕನ್ನಡಿಗೆ ಬಟ್ಟೆ, ಹಿತ್ತಾಳೆ ಕೊಡಗಳ ಮೇಲೆ ಗೋಣಿ. ಆಮೇಲೆ ಮುಂಬಾಗಿಲು, ಹಿತ್ತಿಲ ಬಾಗಿಲು, ಕಿಟಕಿ ಎಲ್ಲಕ್ಕೂ ಅಗುಳಿ. ಮನೆಯವರೆಲ್ಲ ನಡುಮನೆಯಲ್ಲಿ ಕೂರಬೇಕು. ಅಜ್ಜಿ ಕಂಬಳಿಯನ್ನು ತಲೆಯ ಮೇಲಿಂದ ಹೊದ್ದು ಆ ಹತ್ತು ಹೆಸರು ಹೇಳಲು ಶುರುಮಾಡುತ್ತಿದ್ದಳು. ಸಿಡಿಲಿನ ಭಯಕ್ಕೆ ಹೇಳಿಕೊಳ್ಳುವ ಬಿಲ್ಲುಗಾರ ವೀರನ ಹತ್ತು ಹೆಸರು ನಮ್ಮ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಹತ್ತೂ ಮುಗಿದರೆ ಒಂದು ಸುತ್ತು. ಮತ್ತೆ ಮೊದಲಿನಿಂದ. ಮಳೆ ನಿಲ್ಲುವವರೆಗೆ.

ಚಿಕ್ಕಪ್ಪ ಮಗುವಾಗಿದ್ದಾಗ ನಮ್ಮ ಕಣದ ಹುಣಸೆಮರಕ್ಕೆ ಸಿಡಿಲು ಹೊಡೆದು, ಅದರ ಕೆಳಗೆ ಕಟ್ಟಿದ್ದ ಜೋಡಿ ಎತ್ತು ನಿಂತಲ್ಲೇ ಸತ್ತಿದ್ದವಂತೆ. ಎತ್ತುಗಳನ್ನು ಅಲ್ಲಿ ಕಟ್ಟಿ ಬಂದವಳು ಅಜ್ಜಿಯೇ. ಅಂದಿನಿಂದ ಈ ಕ್ರಮ. ಅದರಲ್ಲಿ ತಪ್ಪು ಹುಡುಕುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ, ಅಪ್ಪನಿಗೂ.

ಹಿತ್ತಿಲ ಬಾಗಿಲು ಮಾತ್ರ ನನಗೆ ಬೇಕೇ ಬೇಕಾಗಿತ್ತು. ಅದು ಪಡುವಣಕ್ಕೆ ತೆರೆಯುತ್ತದೆ. ಮುಂದೆ ಹುಲ್ಲುಮೆದೆ, ಅದರಾಚೆ ನಮ್ಮ ಹೊಲ, ಹೊಲ ಇಳಿದರೆ ಲಕ್ಷ್ಮಣತೀರ್ಥ, ಹೊಳೆಯಾಚೆ ಕಾಡಿನ ಅಂಚು. ಕೊಡಗಿನ ಬೆಟ್ಟದ ಮೇಲೆ ಮೋಡ ಕಟ್ಟಿ ಕಾಡು ದಾಟಿ ನಮ್ಮೂರಿಗೆ ಬರುವ ದಾರಿ ಪೂರ್ತಿ ಆ ಬಾಗಿಲಿನ ಚೌಕಟ್ಟಿನೊಳಗೇ ಬರುತ್ತದೆ. ಫೋಟೋಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನಾನು ಇದುವರೆಗೆ ನೋಡಿಲ್ಲ.

ಪ್ಲೇಟುಗಳಿಗಾಗಿ ಹುಣಸೂರಿಗೆ ಹೋದೆ. ಅಲ್ಲಿ ಪೇಟೆಬೀದಿಯಲ್ಲಿ ಪಟಗಳಿಗೆ ಕಟ್ಟು ಹಾಕುವ, ಕನ್ನಡಿ ಮಾರುವ ಅಂಗಡಿಯೊಂದಿದೆ. ಅದು ನನ್ನ ಹೈಸ್ಕೂಲಿನ ಗೆಳೆಯನ ತಂದೆಯದು. ಮುಸಲ್ಮಾನರ ಮನೆತನ, ಅಜ್ಜನ ಕಾಲದಿಂದಲೂ ಮರಗೆಲಸ. ಗೆಳೆಯ ಓದು ಬಿಟ್ಟು ಅಂಗಡಿಯಲ್ಲೇ ಕುಳಿತಿದ್ದ. ಗಾಜು ತರಲು ಮೈಸೂರಿಗೆ ಹೋದಾಗ ಪ್ಲೇಟು, ಅದನ್ನು ತೊಳೆಯುವ ಔಷಧಿಯ ಪುಡಿ ಎರಡನ್ನೂ ತಂದಿಟ್ಟಿದ್ದ.

"ಆರೇ ಇರೋದು ಕಣೋ. ನಮ್ ಅಬ್ಬಾ ನನ್ನ ಮತ್ತೆ ಮೈಸೂರಿಗೆ ಕಳಿಸೋದು ಮುಂಗಾರು ಹಿಡಿದ್ಮೇಲೇನೇ."

"ಆರು ಸಾಕು."

"ಸಾಕಾ? ನನ್ ತಮ್ಮನ್ ಫೋಟೋ ಒಂದು ತೆಗೆಯಾಕೆ ಸ್ಟುಡಿಯೋನವ್ರು ಎರಡು ಪ್ಲೇಟು ಹಾಳು ಮಾಡಿದ್ರು. ಅವನು ಕುರ್ಚಿ ಮೇಲೆ ಕುಂತಿದ್ದ. ನಿನ್ ಗಿರಾಕಿ ಎಲ್ ಕೂತ್ಕೋತಾನೆ?"

"ನನ್ ಗಿರಾಕಿ ಬರೋ ದಾರಿ ಗೊತ್ತು ನಂಗೆ."

"ಬರೋ ದಾರಿ ಗೊತ್ತು, ಬರೋ ಹೊತ್ತು?"

ಅವನು ಕೇಳಿದ್ದು ಸರಿಯಾಗಿಯೇ ಇತ್ತು. ನಾನು ಅದಕ್ಕೆ ಉತ್ತರವನ್ನು ಆಗಲೇ ಹುಡುಕಿಕೊಂಡಿದ್ದೆ. ಮಿಂಚು ಕಂಡ ಮೇಲೆ ಮುಚ್ಚಳ ತೆಗೆದರೆ ಏನೂ ಸಿಗುವುದಿಲ್ಲ. ಮೊದಲೇ ತೆಗೆದು ಕಾಯಬೇಕು, ಮಿಂಚಿದ ಕೂಡಲೇ ಮುಚ್ಚಬೇಕು. ಆದರೆ ನಮ್ಮ ಕಡೆ ಗುಡುಗು ಮಳೆ ಬರುವುದು ದೀಪ ಹಚ್ಚುವ ಹೊತ್ತಿಗೆ, ಆಕಾಶದಲ್ಲಿ ಇನ್ನೂ ಬೆಳಕಿರುವಾಗ. ಬಹಳ ಹೊತ್ತು ತೆರೆದಿಟ್ಟರೆ ಆ ಬೆಳಕೇ ಪ್ಲೇಟನ್ನು ಸುಟ್ಟುಬಿಡುತ್ತದೆ. ಒಂದು ಪ್ಲೇಟು ಇಷ್ಟೇ ಬೆಳಕು ತಡೆಯುತ್ತದೆ ಎಂಬ ಲೆಕ್ಕವುಂಟು. ಮುಚ್ಚಿ ಮತ್ತೆ ತೆಗೆದರೂ ಲೆಕ್ಕ ಕೂಡುತ್ತಲೇ ಹೋಗುತ್ತದೆ. ಎಷ್ಟು ಹೊತ್ತು ತೆರೆದಿಡಬಹುದು ಎಂದು ಚಿಕ್ಕಪ್ಪ ತಮ್ಮ ಗಡಿಯಾರ ಹಿಡಿದು ತೋರಿಸಿಕೊಟ್ಟಿದ್ದರು. ಅವರು ಹೋದ ಮೇಲೆ ಮನೆಯಲ್ಲಿ ಗಡಿಯಾರವಿರಲಿಲ್ಲ.

ಅಜ್ಜಿ ಇದ್ದಳು. ಚಿಕ್ಕಪ್ಪ ಇದ್ದಾಗಲೇ ಒಂದು ಬೆಳಿಗ್ಗೆ, ಅಂಗಳದಲ್ಲಿ ಹುರುಳಿ ಹಸನು ಮಾಡುತ್ತಿದ್ದವಳ ಬಾಯಲ್ಲಿ ಹತ್ತು ಹೆಸರನ್ನು ಹೇಳಿಸಿ ಗಡಿಯಾರದೊಂದಿಗೆ ಹೋಲಿಸಿದ್ದೆ. ಮೂರು ಸುತ್ತು ಮುಗಿಯುವುದಕ್ಕೂ ಚಿಕ್ಕಪ್ಪ ಹೇಳಿದ ಹೊತ್ತಿಗೂ ಸರಿಹೋಯಿತು. ಹೆಸರುಗಳನ್ನು ನಾನೇ ಹೇಳಿಕೊಳ್ಳಬಹುದಿತ್ತು, ಆದರೆ ಮಿಂಚು ಕಂಡರೆ ನನ್ನ ಬಾಯಿ ನಿಂತುಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಅಜ್ಜಿ ಮಿಂಚನ್ನು ನೋಡುವವಳೇ ಅಲ್ಲ. ಆದ್ದರಿಂದ ಅವಳಷ್ಟು ನಂಬಬಹುದಾದ ಗಡಿಯಾರ ಇನ್ನೊಂದಿಲ್ಲ ಎಂದು ತೀರ್ಮಾನಿಸಿದೆ. ಈ ತೀರ್ಮಾನದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಚಿತ್ರ ಮೂಡಲು ಪ್ಲೇಟನ್ನು ಕತ್ತಲೆಯಲ್ಲೇ ಔಷಧಿಯಲ್ಲಿ ತೊಳೆಯಬೇಕು, ಹಾಗಾಗಿ ಕಣಜದ ಕೋಣೆ ಆರಿಸಿದೆ. ಅದಕ್ಕೆ ಕಿಟಕಿಯಿಲ್ಲ, ಹಗಲಿನಲ್ಲೂ ಕತ್ತಲೆ. ಕೆಂಪು ಬೆಳಕು ಪ್ಲೇಟಿಗೆ ತಾಗುವುದಿಲ್ಲವೆಂದು ಲಾಟೀನಿಗೆ ಕೆಂಪು ಬಟ್ಟೆ ಎರಡು ಸುತ್ತು ಕಟ್ಟಿದೆ. ಬೇಸಿಗೆಯ ನೀರು ಬೆಚ್ಚಗಿದ್ದರೆ ಪ್ಲೇಟಿನ ಮೇಲಿನ ಪೊರೆ ಕರಗಿ ಜಾರುತ್ತದೆಂದು ಚಿಕ್ಕಪ್ಪ ಎಚ್ಚರಿಸಿದ್ದರು. ಅದಕ್ಕೆ ಬಾವಿಯ ನೀರನ್ನು ಮಡಕೆಯಲ್ಲಿ ತುಂಬಿ, ಒದ್ದೆ ಬಟ್ಟೆ ಸುತ್ತಿ ಮರಳಿನ ಮೇಲೆ ಇಟ್ಟೆ. ಮೊದಲ ಪ್ಲೇಟನ್ನು ಹಾಡುಹಗಲಲ್ಲಿ ಹುಲ್ಲುಮೆದೆಯ ಮೇಲೆ ಪ್ರಯೋಗ ಮಾಡಿ ತೊಳೆಯುತ್ತಿದ್ದಾಗ ಅಪ್ಪ ಕೋಣೆಯ ಬಾಗಿಲನ್ನು ಪೂರ್ತಿ ತೆರೆದು ನಿಂತರು.

"ಬಿತ್ನೆ ರಾಗಿ ಬೇಕಾಗಿತ್ತಲ್ಲೋ" ಎಂದರು.

ಪ್ಲೇಟು ಕಣ್ಣೆದುರೇ ಕರಿ ಹಂಚಿನಂತಾಯಿತು.  ಅವರು ರಾಗಿ ತೆಗೆದುಕೊಂಡು ಹೋದರು. ಎರಡನೆಯ ಪ್ಲೇಟಿನಲ್ಲಿ ಹುಲ್ಲುಮೆದೆ ಚೆನ್ನಾಗಿ ಬಂತು, ಮೇಲೆ ಕೂತ ಕಾಗೆಯ ಸಮೇತ. ಕೈ ಕುದುರಿತು. ನಾಲ್ಕು ಉಳಿದವು.

ಅಶ್ವಿನಿ ಮಳೆ ಹನಿ ಹಾಕದೆ ಹೋಯಿತು. ಭರಣಿಯ ಮೊದಲ ವಾರದಲ್ಲಿ ಒಂದು ಸಂಜೆ ಪಡುವಣದಲ್ಲಿ ಮೋಡ ನಿಂತಿತು. ಅಜ್ಜಿ ಒನಕೆ ಎತ್ತುವುದರೊಳಗೆ ನಾನು ಹೋಗಿ ಅವಳ ಮುಂದೆ ನಿಂತೆ.

"ಹಿತ್ಲು ಬಾಗ್ಲಲ್ಲಿ ಒಂದೇ ಒಂದು ಕದ ತೆಗೀತೀನಿ ಅಜ್ಜಿ."

"ತೆಗಿ. ತೆಗೆದು ಆ ಕಡೀಕೇ ಓಗು, ಒಳೀಕ್ ಬರ್ಬ್ಯಾಡ."

"ಪೆಟ್ಟಿಗೆ ಉಳೀಬೇಕಲ್ಲ ಅಜ್ಜಿ. ಚಿಕ್ಕಪ್ಪ ಹೇಳಿದ್ದು ಕೇಳಿಸ್ಕೊಂಡಿದ್ದೀಯ."

"ಪೆಟ್ಟಿಗೆ ಉಳಿಸ್ಕಳಾಕೆ ಮನೆ ಕಳ್ಕಬೇಕೇನ್ಲಾ?"

ಅಪ್ಪ ಎಲೆಯಡಿಕೆ ಹಾಕಿಕೊಳ್ಳುತ್ತಾ ನಡುವೆ ಬಂದರು. "ಒಂದ್ ಕದ ತಾನೆ, ತೆಗೀಲಿ ಬುಡವ್ವ. ಒಳಗೆ ಕುಂತು ಕುಂತು ಬೆಂದೋಗ್ತೀವಿ. ವಸಿ ಗಾಳಿ ಆಡ್ಲಿ." ಅವರಿಗೆ ಬೇಕಾಗಿದ್ದುದು ಗಾಳಿ. ನನಗೆ ಅದರಿಂದ ಉಪಕಾರವಾಯಿತು.

ಅಜ್ಜಿ ಬಹಳ ಹೊತ್ತು ಯೋಚಿಸಿ ಒಪ್ಪಿದಳು. ಪೆಟ್ಟಿಗೆ ಹೊಸ್ತಿಲು ದಾಟಕೂಡದು. ನಾನೂ ದಾಟಕೂಡದು. ಅಂಗಳಕ್ಕೆ ಒನಕೆಯ ಜತೆಗೆ ಹಾರೆಯೂ ಬೀಳಬೇಕು. ಎಲ್ಲದಕ್ಕೂ ಹೂಂ ಎಂದೆ. ಕದ ತೆರೆದು ಕ್ಯಾಮೆರಾ ನಿಲ್ಲಿಸಿದೆ.

ತೆರೆದ ಬಾಗಿಲಿನಿಂದ ನಮ್ಮೂರಿನ ಗುಡುಗು ಮಳೆಯನ್ನು ನಾನು ನೋಡಿದ್ದು ಅದೇ ಮೊದಲು. ಹೊಳೆಯಾಚೆಯ ಕಾಡು ಮೊದಲು ನೀಲಿಯಾಯಿತು, ಆಮೇಲೆ ಇಲ್ಲವೇ ಇಲ್ಲ ಎನ್ನುವಂತಾಯಿತು. ಒಂದು ಹಾಳೆ ಮಿಂಚು ಬಂದಾಗ ಹೊಳೆಸಾಲಿನ ಮರಗಳೆಲ್ಲ ತಟ್ಟನೆ ಎದ್ದುನಿಂತು ಮತ್ತೆ ಕುಳಿತವು. ಗಾಳಿಗೆ ಹುಲ್ಲುಮೆದೆಯ ತುದಿ ಬಿಚ್ಚಿಕೊಂಡು ಹಾರುತ್ತಿತ್ತು. ಮಣ್ಣಿನ ವಾಸನೆ ಮಳೆಗಿಂತ ಮುಂಚೆ ಬಂದು ಮನೆಯೊಳಗೆ ಹೊಕ್ಕಿತು. ಮುಚ್ಚಿದ ಬಾಗಿಲ ಹಿಂದೆ ಕುಳಿತು ನಾನು ಎಷ್ಟು ವರ್ಷ ಕಳೆದುಕೊಂಡಿದ್ದೆ ಅನ್ನಿಸಿತು. ಮುಚ್ಚಳ ತೆಗೆದೆ. ನಡುಮನೆಯಿಂದ ಅಜ್ಜಿಯ ದನಿ ಕೇಳುತ್ತಿತ್ತು. ಮೂರು ಸುತ್ತು ಎಣಿಸಿ ಮುಚ್ಚಿದೆ. ಕೋಲ್ಮಿಂಚು ಬರಲಿಲ್ಲ. ಗುಡುಗು ಪಿರಿಯಾಪಟ್ಟಣದ ಕಡೆಗೇ ಉಳಿಯಿತು. ತೊಳೆದು ನೋಡಿದರೆ ಪ್ಲೇಟು ಪೂರ್ತಿ ಕಪ್ಪು, ಬೆಳಕು ಮಿತಿಮೀರಿ ಬಿದ್ದು ಸುಟ್ಟಿತ್ತು.

ಭರಣಿಯ ಕೊನೆಗೆ ಇನ್ನೊಂದು ಮಳೆ. ಈ ಸಲ ಗುಡುಗು ತಲೆಯ ಮೇಲೇ ಉರುಳುತ್ತಿತ್ತು. ಅದೇ ಬಾಗಿಲು, ಹೆಚ್ಚುಕಡಮೆ ಅದೇ ಬೆಳಕು, ಅದೇ ಮೂರು ಸುತ್ತು. ಮುಚ್ಚಳ ಹಾಕಿ ಕೈ ತೆಗೆದಿದ್ದೆನಷ್ಟೇ, ಹೊಳೆಯ ಆಚೆ ದಡದ ಮೇಲೆ ಉದ್ದನೆಯ ಕೋಲ್ಮಿಂಚು ಇಳಿಯಿತು. ಕಣ್ಣಿಗೆ ಸಿಕ್ಕಿತು, ಪ್ಲೇಟಿಗೆ ಸಿಗಲಿಲ್ಲ. ಬೆಳಿಗ್ಗೆ ತೊಳೆದಾಗ ಪ್ಲೇಟು ಕಪ್ಪಾಗುವ ಬದಲು ತಿಳಿನೀರಿನಂತೆ ತೆಳ್ಳಗಿತ್ತು. ಹುಲ್ಲುಮೆದೆ ಇದೆಯೋ ಇಲ್ಲವೋ ಎಂಬಷ್ಟು ಮಸುಕು. ಇನ್ನೂ ಎಷ್ಟೋ ಹೊತ್ತು ತೆರೆದಿಡಬಹುದಾಗಿತ್ತು. ತೆರೆದಿಟ್ಟಿದ್ದರೆ ಆ ಮಿಂಚು ನನ್ನದಾಗುತ್ತಿತ್ತು.

ಒಂದೇ ಎಣಿಕೆಗೆ ಒಂದು ಪ್ಲೇಟು ಸುಟ್ಟಿತು, ಒಂದು ಹಸಿಯಾಗಿ ಉಳಿಯಿತು. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಜಗಲಿಯ ಮೇಲೆ ಕುಳಿತು ಯೋಚಿಸಿದೆ. ಔಷಧಿ ಅದೇ, ನೀರು ಅದೇ. ಬೇರೆಯಾಗಿರುವುದು ಅಳತೆಗೋಲೇ ಇರಬೇಕು. ಮುಂದಿನ ಸಂಜೆ ಸಣ್ಣದಾಗಿ ಗುಡುಗಿದಾಗ ಕ್ಯಾಮೆರಾ ಹೊರತೆಗೆಯದೆ, ಎಡಗೈಯ ನಾಡಿ ಹಿಡಿದುಕೊಂಡು ಅಜ್ಜಿಯ ಹತ್ತಿರ ಕುಳಿತು ಕೇಳಿದೆ. ಗುಡುಗು ದೂರವಿದ್ದಾಗ ಅವಳು ಒಂದೊಂದು ಹೆಸರನ್ನೂ ಬೆಲ್ಲ ಚೀಪುವಂತೆ ಎಳೆಯುತ್ತಿದ್ದಳು, ನಡುವೆ ನನ್ನ ಅವ್ವನಿಗೆ ಒಲೆಯ ಮೇಲಿನ ಸಾರಿನ ವಿಚಾರ ಹೇಳುತ್ತಿದ್ದಳು. ಹತ್ತಿರ ಬಂದಂತೆ ಹೆಸರುಗಳು ಒಂದರ ಬೆನ್ನಿಗೊಂದು ಬಿದ್ದು ಓಡುತ್ತಿದ್ದವು. ಒಮ್ಮೆ ಜೋರಾಗಿ ಗುಡುಗಿದಾಗ ಹತ್ತು ಹೆಸರೂ ಒಂದೇ ಉಸಿರಿನಲ್ಲಿ ಮುಗಿದುಹೋದವು. ಮಿಂಚು ಹತ್ತಿರವಿದ್ದು, ನನಗೆ ಹೆಚ್ಚು ಹೊತ್ತು ಬೇಕಾದಾಗಲೇ ನನ್ನ ಗಡಿಯಾರ ಓಡುತ್ತಿತ್ತು.

ಇದನ್ನು ಅಜ್ಜಿಗೆ ಹೇಳಿದೆ. ಹೇಳಬಾರದಿತ್ತೋ ಏನೋ ಎಂದು ಅವ್ವನ ಮುಖ ನೋಡಿದ ಮೇಲೆ ತಿಳಿಯಿತು.

"ನಾನ್ ಓಡುಸ್ತೀನಾ?" ಎಂದಳು ಅಜ್ಜಿ.

"ಗುಡುಗು ಹತ್ರ ಬಂದಾಗ ವಸಿ ಬೇಗ ಆಯ್ತದೆ ಅಜ್ಜಿ."

"ಅಂದ್ರೆ ನಾನು ಎದ್ರುಕೋತೀನಿ ಅಂತ."

"ಅಂಗಲ್ಲ..."

"ಅಂಗೇಯ. ನಿಮ್ ತಾತ ಸತ್ತಾಗ ಈ ಮನೆ ನೊಗ ಹೊತ್ತೋಳು ನಾನು. ಕಾಡಂಚಿನ ಹೊಲದಾಗೆ ಆನೆ ಬಂದಾಗ ತಮಟೆ ಬಡಿದೋಳು ನಾನು. ನಿಮ್ಮಪ್ಪ ಅವತ್ತು ಅಟ್ಟದ ಮ್ಯಾಲಿದ್ದ, ಕೇಳು ಬೇಕಾದ್ರೆ."

"ನಾನು ಅಟ್ಟಕ್ಕೆ ಹೋಗಿದ್ದು ಪಂಜು ತರಾಕೆ ಕಣವ್ವ" ಎಂದರು ಅಪ್ಪ.

"ತಂದ್ಯಾ ಮತ್ತೆ?"

ಅಪ್ಪ ಎಲೆಯಡಿಕೆಯ ಚೀಲ ಬಿಚ್ಚಿದರು. ಅಜ್ಜಿ ನನ್ನ ಕಡೆ ತಿರುಗಿದಳು. "ಮುಂದಿನ್ ಮಳೇಗೆ ನಿನ್ ಪೆಟ್ಟಿಗೆ ಪಕ್ಕದಾಗೆ ಕುಂತು ಹೆಸ್ರು ಏಳ್ತೀನಿ. ಓಡುಸಿದ್ರೆ ಆಗ ಕೇಳು."

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಆ ಮಾತನ್ನು ಅವಳು ಮರೆಯುತ್ತಾಳೆಂದೇ ಎಣಿಸಿದ್ದೆ. ಕೃತ್ತಿಕೆ ಹುಟ್ಟಿತು. ಉತ್ತು ಬಿಟ್ಟ ಹೊಲ ಕಾದು ಕುಳಿತಿತ್ತು, ಹೊಗೆಸೊಪ್ಪಿನ ಸಸಿಗೆ ಅಪ್ಪ ಕೊಡದಲ್ಲಿ ನೀರು ಹೊರಿಸುತ್ತಿದ್ದರು. ಎಲ್ಲರೂ ಮಳೆ ಕಾಯುತ್ತಿದ್ದರು, ನಾನು ಮಿಂಚು ಕಾಯುತ್ತಿದ್ದೆ. ಈ ನಡುವೆ ಹುಣಸೂರಿನ ಮೋಟಾರು ಬಸ್ಸಿನವನ ಕೈಯಲ್ಲಿ ಚಿಕ್ಕಪ್ಪ ಹೇಳಿಕಳಿಸಿದರು: ಮುಂದಿನ ಸಂತೆಗೆ ಮುಂಚೆ ಬರುತ್ತೇನೆ, ಪೆಟ್ಟಿಗೆ ಒರೆಸಿ ಇಟ್ಟಿರು. ಒರೆಸಿ ಇಡು ಎಂದದ್ದು ನನ್ನನ್ನು ಕೆಣಕಲಿಕ್ಕೆ ಎಂದು ನನಗೆ ಗೊತ್ತಿತ್ತು. ಎರಡು ಪ್ಲೇಟು ಉಳಿದಿದ್ದವು. ಎರಡು ಬೇಕಾಗುವುದಿಲ್ಲ, ಒಂದೇ ಸಾಕು ಎಂದು ನಾನು ಗೆಳೆಯನಿಗೆ ಅದೇ ಮೋಟಾರಿನಲ್ಲಿ ಹೇಳಿಕಳಿಸಿದೆ.

ಚಿಕ್ಕಪ್ಪ ಬರುವ ಮುನ್ನಾದಿನ ಮಧ್ಯಾಹ್ನವೇ ಗಾಳಿ ನಿಂತುಹೋಯಿತು. ದನಗಳು ಮೇವು ಬಿಟ್ಟು ಪಡುವಣಕ್ಕೆ ಮುಖ ಮಾಡಿ ನಿಂತವು. ಹೊತ್ತು ಮುಳುಗುವ ವೇಳೆಗೆ ಕಾಡಿನ ಮೇಲೆ ಎದ್ದ ಮೋಡದ ಅಂಚು ತಾಮ್ರದ ಬಣ್ಣದಲ್ಲಿತ್ತು, ಹೊಟ್ಟೆ ಕಪ್ಪಾಗಿತ್ತು. ನಾನು ಎರಡು ಕದವನ್ನೂ ತೆರೆದೆ. ಯಾರೂ ಬೇಡವೆನ್ನಲಿಲ್ಲ. ಅಂಗಳಕ್ಕೆ ಒನಕೆ, ಕುಡುಗೋಲು, ಹಾರೆ ಮೂರೂ ಬಿದ್ದವು. ಕನ್ನಡಿಗೆ ಬಟ್ಟೆ ಬಿತ್ತು. ಆಮೇಲೆ ಅಜ್ಜಿ ಮಣೆ ತಂದು ಹೊಸ್ತಿಲಿನಿಂದ ಒಂದು ಮೊಳ ಒಳಗೆ, ಕ್ಯಾಮೆರಾದ ಕಾಲಿನ ಪಕ್ಕಕ್ಕೇ ಹಾಕಿಕೊಂಡು ಕುಳಿತಳು. ಕಂಬಳಿ ಹೊದ್ದಿದ್ದಳು, ಆದರೆ ಹೆಗಲಿಗೆ ಮಾತ್ರ. ತಲೆ ಬರಿದಾಗಿತ್ತು.

"ಯಾವಾಗ ಶುರು ಮಾಡ್ಬೇಕು ಏಳು" ಎಂದಳು. ದನಿ ಗಟ್ಟಿಯಾಗಿತ್ತು. ಬೆರಳುಗಳು ಕಂಬಳಿಯ ಅಂಚನ್ನು ಬಿಗಿಯಾಗಿ ಹಿಡಿದಿದ್ದವು.

"ವಸಿ ಕತ್ಲಾಗ್ಲಿ ಅಜ್ಜಿ."

ಗುಡುಗು ಹೊಳೆಯ ಹತ್ತಿರ ಬರುವವರೆಗೆ ಕಾದೆವು. ಅವ್ವ ಹಿಂದಿನಿಂದ ದೀಪ ತಗ್ಗಿಸಿದಳು. ಹೊರಗೆ ಹುಲ್ಲುಮೆದೆಯ ಅಂಚು ಮಾತ್ರ ಕಾಣುವಷ್ಟು ಕತ್ತಲಾದಾಗ ನಾನು, "ಈಗ ಅಜ್ಜಿ" ಎಂದು ಮುಚ್ಚಳ ತೆಗೆದೆ.

ಅಜ್ಜಿ ಶುರುಮಾಡಿದಳು. ಒಂದನೆಯ ಹೆಸರು, ಎರಡನೆಯದು. ಗುಡುಗಿತು. ಅವಳು ಓಡಲಿಲ್ಲ. ಮೂರನೆಯದು, ನಾಲ್ಕನೆಯದು, ಒಂದೊಂದನ್ನೂ ನೆಲಕ್ಕೆ ಗೂಟ ಹೊಡೆದಂತೆ ಹೇಳಿದಳು. ಅಂಗಳದಲ್ಲಿ ಹುರುಳಿ ಹಸನು ಮಾಡಿದ ಬೆಳಿಗ್ಗೆ ಹೇಳಿದ್ದಕ್ಕಿಂತ ನಿಧಾನ. ಐದು. ಆರು. ಅಷ್ಟರಲ್ಲಿ ಕಾಡಿನ ಉದ್ದಕ್ಕೂ, ಬಡಗಿನಿಂದ ತೆಂಕಿಗೆ, ಮೋಡದ ಹಿಂದೆ ಹಾಳೆ ಮಿಂಚು ಹರಡಿತು. ಅಂಥದ್ದನ್ನು ನಾನು ಆಮೇಲೂ ಕಂಡಿಲ್ಲ. ಒಮ್ಮೆಗೇ ಆರಲಿಲ್ಲ, ನಡುಗುತ್ತಾ ನಿಂತಿತು. ಹೊಳೆಯ ನೀರು, ಆಚೆಯ ಮರಳು, ಕಾಡಿನ ಒಂದೊಂದು ಮರ, ಮರಗಳ ಮೇಲೆ ಮಡಿಕೆ ಮಡಿಕೆಯಾಗಿ ಏರಿದ ಮೋಡ, ಎಲ್ಲ ಕಂಡಿತು.

ಏಳನೆಯ ಹೆಸರು ಬರಲಿಲ್ಲ.

ನಾನು ಮುಚ್ಚಳ ಹಿಡಿದುಕೊಂಡೇ ಕಾದೆ. ಸುತ್ತು ಮುಗಿಯದೆ ಎಣಿಕೆ ಇಲ್ಲ, ಎಣಿಕೆ ಇಲ್ಲದೆ ಮುಚ್ಚುವ ಹಾಗಿಲ್ಲ. ಅಜ್ಜಿಯ ಕಡೆ ನೋಡಿದೆ. ಅವಳ ಬಾಯಿ ಸ್ವಲ್ಪ ತೆರೆದಿತ್ತು. ಕಂಬಳಿ ಒಂದು ಹೆಗಲಿನಿಂದ ಜಾರಿತ್ತು. ಅವಳು ಹೆದರಿ ನಿಲ್ಲಿಸಿರಲಿಲ್ಲ. ಬಹಳ ದಿನದ ಮೇಲೆ ಬಂದ ನೆಂಟರನ್ನು ಬಾಗಿಲಲ್ಲಿ ನಿಂತು ಗುರುತು ಹಿಡಿಯುವವಳ ಹಾಗೆ ನೋಡುತ್ತಿದ್ದಳು. ಪ್ಲೇಟು ಸುಡುತ್ತಿದೆಯೋ ಏನೋ ಎಂಬ ಯೋಚನೆ ಒಂದು ಸಲ ಬಂತು. ಕತ್ತಲೆ ಸಾಕಷ್ಟಿದೆ, ತಡೆಯುತ್ತದೆ ಎಂದುಕೊಂಡೆ.

ಆಗ ಅದು ಇಳಿಯಿತು. ಮೋಡದಿಂದ ಹೊರಟು ನಡುದಾರಿಯಲ್ಲಿ ಎರಡಾಗಿ ಸೀಳಿ, ಒಂದು ಕವಲು ಹೊಳೆಯಾಚೆಯ ಕಾಡಿಗೂ ಇನ್ನೊಂದು ಹುಲ್ಲುಮೆದೆಯ ಎಡಕ್ಕೆ ದೂರದ ದಿಬ್ಬಕ್ಕೂ. ಮುಚ್ಚಳ ಹಾಕಿದೆ. ಗುಡುಗಿಗೆ ಹೆಂಚು ಅದುರಿತು. ಒಳಗಿನಿಂದ ಅಪ್ಪ, "ಬಾಗ್ಲಾಕ್ರೋ" ಎಂದು ಕೂಗಿದರು.

ಅಜ್ಜಿ ಎದ್ದಿರಲಿಲ್ಲ. "ಅದಕ್ಕೆ ಬೇರ್ ಐತೆ ಕಣ್ಲಾ" ಎಂದಳು.

"ಹೂಂ ಅಜ್ಜಿ."

"ನಾನು ಬರೀ ಬೆಳಕು ಅನ್ಕೊಂಡಿದ್ದೆ. ಬಾಗ್ಲು ಸಂದೀಲಿ ಬೆಳ್ಳಗೆ ಬತ್ತಿತ್ತು, ಓಯ್ತಿತ್ತು. ಅದಕ್ಕೊಂದು ಆಕಾರ ಐತೆ ಅಂತ ಯಾರೂ ಏಳ್ಲೇ ಇಲ್ಲ." ಆಮೇಲೆ ಕತ್ತು ಚಾಚಿ ಹೊರಗೆ ನೋಡಿ ಕೇಳಿದಳು, "ಯಾರ್ ಮನೆ ಮ್ಯಾಲೂ ಬೀಳ್ಲಿಲ್ಲ ತಾನೆ?"

"ಕಾಡಿಗೆ ಬಿತ್ತು, ದಿಬ್ಬಕ್ಕೆ ಬಿತ್ತು. ದಿಬ್ಬದ ಮೇಲೆ ಯಾರೂ ಇರಲ್ಲ."

ಮಳೆ ಓರೆಯಾಗಿ ಹೊಡೆದು ಮಣೆ ನೆನೆಯುವವರೆಗೆ ಅವಳು ಅಲ್ಲಿಂದ ಏಳಲಿಲ್ಲ. ಹೆಸರು ಹೇಳುವುದನ್ನು ಅವಳೂ ಮರೆತಳು, ನಾನೂ ನೆನಪಿಸಲಿಲ್ಲ.

ಬೆಳಿಗ್ಗೆ ಕಣಜದ ಕೋಣೆಯ ಬಾಗಿಲಿಗೆ ಅಪ್ಪನನ್ನೇ ಕಾವಲು ಕೂರಿಸಿ ಪ್ಲೇಟು ತೊಳೆದೆ. ಕೆಂಪು ಬೆಳಕಿನಲ್ಲಿ ಮೊದಲು ಕಂಡದ್ದು ಎರಡು ಕವಲು, ಆಮೇಲೆ ಹುಲ್ಲುಮೆದೆ, ಕೊನೆಗೆ ಕಾಡಿನ ಸಾಲು. ಪ್ಲೇಟಿನಲ್ಲಿ ಎಲ್ಲ ತಿರುವುಮುರುವು, ಮಿಂಚು ಕಪ್ಪಾಗಿ, ರಾತ್ರಿ ಬಿಳುಪಾಗಿ. ಅಜ್ಜಿ ಅದನ್ನು ಬೆಳಕಿಗೆ ಹಿಡಿದು, "ಸೀದೋಗೈತಲ್ಲೋ" ಎಂದಳು. ಪೆಟ್ಟಿಗೆಯಲ್ಲಿದ್ದ ಫೋಟೋ ಕಾಗದ ಹಚ್ಚಿ ಬಿಸಿಲಿಗಿಟ್ಟು ಅಚ್ಚು ತೆಗೆದು ತೋರಿಸಿದ ಮೇಲೆ ಬೆರಳಿನಿಂದ ಕವಲುಗಳನ್ನು ಮೇಲಿಂದ ಕೆಳಗೆ ಸವರಿದಳು. "ಇದಕ್ಕಿಂತ ದೊಡ್ಡದಿತ್ತು" ಎಂದಳು. ಅದು ನಿಜ.

ಚಿಕ್ಕಪ್ಪ ಮಧ್ಯಾಹ್ನಕ್ಕೆ ಬಂದರು. ಮುದ್ದೆ ಉಂಡು, ಕೈ ತೊಳೆದು, ಒರೆಸಿಕೊಂಡು ಬಂದು ಪ್ಲೇಟನ್ನು ಕೇಳಿ ತೆಗೆದುಕೊಂಡರು. ಜಗಲಿಯ ಅಂಚಿನಲ್ಲಿ ನಿಂತು ಆಕಾಶಕ್ಕೆ ಹಿಡಿದು ನೋಡಿದರು. ತಿರುಗಿಸಿ ನೋಡಿದರು. ಅವರು ಹೊಗಳುವವರಲ್ಲ.

"ಎಷ್ಟ್ ಹೊತ್ತು ಬಿಟ್ಟಿದ್ದೆ?"

"ಆರು ಹೆಸರು. ಆಮೇಲೆ ಅಜ್ಜಿ ಸುಮ್ಮನಾದ್ಲು. ಅದಾದ್ಮೇಲೆ ಎಷ್ಟೋ ಗೊತ್ತಿಲ್ಲ."

"ಅಟ್ಟದ ಕಿಂಡೀಲಿ ತೆಗೆದ್ಯಾ?"

"ಹಿತ್ಲು ಬಾಗ್ಲಲ್ಲಿ. ಎರಡ್ ಕದಾನೂ ತೆಗೆದು."

"ಅವ್ವ ಎಲ್ಲಿದ್ಲು?"

"ಕ್ಯಾಮೆರಾ ಪಕ್ಕದಲ್ಲಿ, ಮಣೆ ಮೇಲೆ."

ಚಿಕ್ಕಪ್ಪ ಪ್ಲೇಟನ್ನು ನನ್ನ ಕೈಗೆ ಕೊಟ್ಟರು. ಫೋಟೋ ನಂಬಿದ್ದರು. ಇದನ್ನು ನಂಬಲಿಲ್ಲ. ಒಳಗೆ ಹೋದರು, ನಾನೂ ಹಿಂದೆಯೇ ಹೋದೆ. ಅಜ್ಜಿ ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು.

"ಅವ್ವ, ನೀನು ಮಿಂಚೋವಾಗ ಬಾಗ್ಲು ತೆಗೆದು ಕುಂತಿದ್ಯಂತೆ?"

"ಕುಂತಿದ್ದೆ."

"ನಮ್ಮನ್ನ ಮಾತ್ರ ಕಂಬ್ಳಿ ಒಳಗೆ ತುರುಕಿ ತಲೆ ಮ್ಯಾಲೆ ಕೈ ಇಟ್ಟು ಒತ್ತಿ ಕೂರಿಸ್ತಿದ್ದೆ. ಉಸ್ರು ಕಟ್ತಿತ್ತು ನಂಗೆ."

"ಆಗ ನೀನೇನ್ ಪೆಟ್ಟಿಗೆ ತಂದಿದ್ಯಾ?" ಎಂದಳು ಅಜ್ಜಿ, ಕಾಳಿನಿಂದ ಕಣ್ಣೆತ್ತದೆ. "ನೀನು ಗೇಣುದ್ದ ಇದ್ದೆ. ಎತ್ತು ಎರಡೂ ಓಗಿದ್ದೋ. ನಿನ್ನ ಒತ್ತಿ ಇಟ್ಕೋದೆ ಇನ್ನೇನ್ ಮಾಡ್ಬೇಕಿತ್ತು?"

 ಚಿಕ್ಕಪ್ಪ ಗೋಡೆಗೆ ಒರಗಿ ಕುಳಿತು ತಾವೂ ಒಂದು ಹಿಡಿ ಕಾಳು ತೆಗೆದುಕೊಂಡು ಹಿದುಕತೊಡಗಿದರು. ನಾನು ಕ್ಯಾಮೆರಾದ ಮಾತು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಹಿಡಿ ಕಾಳು ಮುಗಿಸಿ ಅವರೇ, "ಮುಂದಿನ ಕಾಲು ಒಂದು ಸಡಿಲ ಐತೆ, ಹುಣಸೂರಲ್ಲಿ ನಿನ್ ಗೆಳೆಯನ ಕೈಲಿ ಬಿಗಿ ಮಾಡಿಸ್ಕೋ" ಎಂದರು. ನನ್ನದಾಯಿತೆಂದು ಅದರಿಂದ ತಿಳಿಯಿತು.

ಸಂಜೆಯ ಮೋಟಾರಿಗೆ ಹೊರಡಬೇಕಾಗಿದ್ದವರು ಹೊರಡಲಿಲ್ಲ. ಮೂರು ಸಲ ಹಿತ್ತಿಲಿಗೆ ಹೋಗಿ ಪಡುವಣ ನೋಡಿ ಬಂದರು. "ಇವತ್ತೂ ಕಟ್ಟುತ್ತೇನ್ಲಾ?" ಎಂದು ನನ್ನನ್ನು ಕೇಳಿದರು. ಕಟ್ಟುತ್ತದೆ ಎಂದೆ. ಆ ಮಾತನ್ನು ಹೇಳುವಷ್ಟು ಮಳೆಯ ಪುಟಗಳನ್ನು ನಾನು ಬರೆದಿದ್ದೆ.

ದೀಪ ಹಚ್ಚುವ ಹೊತ್ತಿಗೆ ಮೋಡ ಎದ್ದಿತು. ಅಜ್ಜಿ ಒನಕೆ, ಕುಡುಗೋಲು ಎಸೆದಳು. ಹಾರೆಯನ್ನು ಚಿಕ್ಕಪ್ಪನ ಕೈಯಲ್ಲಿ ಎಸೆಯಿಸಿದಳು. ಆಮೇಲೆ ಅವಳು ಒಂದು ಮಣೆಯ ಮೇಲೆ, ಚಿಕ್ಕಪ್ಪ ಒಂದು ಮಣೆಯ ಮೇಲೆ, ಬಾಗಿಲಿಗೆ ಎದುರಾಗಿ ಕುಳಿತರು. ಕಾಡಿನ ಮೇಲೆ ಹಾಳೆ ಮಿಂಚು ಆಗಾಗ ಬೆಳಗಿ ಆರುತ್ತಿತ್ತು. ಗುಡುಗು ಹೆಗ್ಗಡದೇವನಕೋಟೆಯ ಕಡೆಗೆ ತಿರುಗಿಕೊಂಡಿತ್ತು. ಅಷ್ಟೇನೂ ದೊಡ್ಡ ಮಳೆಯಲ್ಲ. ಚಿಕ್ಕಪ್ಪ ಮುಂದಕ್ಕೆ ಬಾಗಿ, ಎರಡು ಮೊಣಕೈಯನ್ನೂ ತೊಡೆಯ ಮೇಲೆ ಊರಿ ನೋಡುತ್ತಿದ್ದರು.

ಉಳಿದ ಒಂದು ಪ್ಲೇಟನ್ನು ಹಾಕಿ ಕ್ಯಾಮೆರಾ ತರಲೇ ಎಂದು ಕೇಳಿದೆ.

"ಬ್ಯಾಡ. ಅಡ್ಡ ನಿಂತ್ಕೋಬ್ಯಾಡ, ಕುತ್ಕೋ" ಎಂದರು.

ಅಜ್ಜಿ ಸ್ವಲ್ಪ ಸರಿದು ನನಗೂ ಜಾಗ ಮಾಡಿದಳು.